ಒಂದೇ ವೇಷದ ಇಪ್ಪತ್ತು ವರುಷ

ಒಬ್ಬ ನಟ ಇಪ್ಪತ್ತು ವರುಷಗಳ ಕಾಲ ಒಂದೇ ಹೆಸರಿನಿಂದ, ಒಂದೇ ಕೆಲಸವನ್ನು ಮಾಡುತ್ತ, ಜನರ ಕಣ್ಣೆದುರು ನಿಂತರೆ ಆತನ ಕಲೆಯನ್ನು ಅಳೆಯತಕ್ಕ ಕೋಲು ಯಾವುದು? ಈ ಪ್ರಶ್ನೆಯನ್ನು ನಾನು ಎತ್ತಲು ಕಾರಣವಾದದ್ದು ‘ಸಿ.ಐ.ಡಿ.’ ಎಂಬ ಹಿಂದಿಯ ಟೆಲಿವಿಷನ್ ಧಾರಾವಾಹಿ. ೧೯೯೮ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾದ ಅದು ೨೦೧೮ರ ಅಕ್ಟೋಬರಿನಲ್ಲಿ ನಿಲ್ಲುವ ಹೊತ್ತಿಗೆ ೧೫೪೭ ಕಂತುಗಳನ್ನು ಮುಗಿಸಿತ್ತು. ಆರು ವರುಷ ಮಲಗಿದ್ದು, ೨೦೨೪ರ ಡಿಸೆಂಬರಿನಲ್ಲಿ ಮತ್ತೆ ಎದ್ದು ಕುಳಿತಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಹಿಂದಿ ನೆಟ್ಟಗೆ ಬಾರದ ಅಜ್ಜಿಯಂದಿರೂ ಅದನ್ನು ನೋಡಿದ್ದುಂಟು. ಕೊಲೆಯಾಯಿತು, ಪೋಲೀಸರು ಬಂದರು, ಕೊಲೆಗಾರ ಸಿಕ್ಕಿದ. ಇಷ್ಟನ್ನು ತಿಳಿಯಲು ಭಾಷೆಯ ಹಂಗು ಬಹಳ ಬೇಕಾಗುವುದಿಲ್ಲ.

ಆ ಧಾರಾವಾಹಿಯ ಮೇಲೆ ನಮ್ಮವರಿಗೆ ಇನ್ನೊಂದು ಅಕ್ಕರೆಯೂ ಇದೆ. ಅದರಲ್ಲಿ ಇನ್‌ಸ್ಪೆಕ್ಟರ್ ದಯಾ ಆಗಿ ನಿಂತ ಎತ್ತರದ ಆಳು, ದಯಾನಂದ ಶೆಟ್ಟಿ, ಉಡುಪಿ ಜಿಲ್ಲೆಯ ಶಿರ್ವದಲ್ಲಿ ಹುಟ್ಟಿದವರು. ಶಿರ್ವ ನಮ್ಮ ಮೂರು ತಾಲೂಕುಗಳಿಗೆ ಸೇರಿದ್ದಲ್ಲ, ಹೊಳೆ ದಾಟಿ ತೆಂಕಕ್ಕೆ ಹೋದರೆ ಸಿಗುವ ತುಳು ಸೀಮೆಯದು. ಆದರೇನು, ಪೇಟೆಯ ಹೋಟೆಲಿನ ಟೀವಿಯಲ್ಲಿ ಆ ಮುಖ ಕಂಡೊಡನೆ ಚಾ ಕುಡಿಯುತ್ತ ಕುಳಿತವರಲ್ಲಿ ಒಬ್ಬರಾದರೂ “ನಮ್ಮ್ ಬದಿಯರ್ ಅಂಬ್ರ್” ಎಂದೇ ಎನ್ನುತ್ತಾರೆ. ಇನ್ನೊಬ್ಬರು ಬಾಗಿಲು ಒಡೆಯುವ ತಮಾಷೆಯ ಮಾತೊಂದನ್ನು ಸೇರಿಸುತ್ತಾರೆ. ಅಲ್ಲಿಗೆ ನಮ್ಮ ವಿಮರ್ಶೆ ಮುಗಿಯಿತು. ಊರಿನವನು ಎಂಬ ಅಭಿಮಾನ, ಮೇಲೊಂದು ನಗೆ. ಆ ಮನುಷ್ಯ ನಟನೇ, ನಟನಾದರೆ ಎಂತಹ ನಟ, ಆತನಿಗೆ ದೊರೆತ ಪಾತ್ರ ಆತನನ್ನು ಬೆಳೆಸಿತೇ ತಿಂದಿತೇ ಎಂದು ಕೇಳಿದವರನ್ನು ನಾನು ಕಾಣೆ. ಇದು ವಿಚಿತ್ರವೇ ಸರಿ. ಏಕೆಂದರೆ ನಟರನ್ನು ಅಳೆಯುವುದರಲ್ಲಿ ನಮ್ಮ ಕಡೆಯವರಷ್ಟು ಕಟುವಾದ ಜನ ಬೇರೆಲ್ಲೂ ಇರಲಾರರು. ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಆಟ ಮುಗಿದ ಬೆಳಿಗ್ಗೆ, ಗದ್ದೆಯ ಅಂಚಿನಲ್ಲಿ ಮನೆಗೆ ನಡೆಯುವ ಎರಡು ಮೈಲಿ ಹಾದಿಯಲ್ಲಿ, ಕರ್ಣನ ಪಾತ್ರಧಾರಿ ಯಾವ ಪದ್ಯಕ್ಕೆ ಎಲ್ಲಿ ಅರ್ಥ ತಪ್ಪಿದ, ಯಾವ ತಾಳದಲ್ಲಿ ಹೆಜ್ಜೆ ಅರ್ಧ ನುಂಗಿದ ಎಂಬುದೆಲ್ಲ ಪಂಚಾಯಿತಿಗೆ ಬಂದೇ ಬರುತ್ತದೆ. ಆ ಕಣ್ಣನ್ನು ಟೀವಿಯ ಮುಂದೆ ಕುಳಿತಾಗ ಯಾಕೆ ಮುಚ್ಚಬೇಕು?

ಆದುದರಿಂದ ನಾನು ಮೇಳದ ಕೋಲನ್ನೇ ಹಿಡಿದು ಅಳೆಯುತ್ತೇನೆ. ನಮ್ಮ ಬಡಗುತಿಟ್ಟಿನ ಮೇಳದಲ್ಲಿ ನಟನ ಬಾಳಿಗೆ ಮೆಟ್ಟಿಲುಗಳಿದ್ದವು. ಹುಡುಗ ಮೊದಲು ಕೋಡಂಗಿಯಾಗಬೇಕು, ಬಾಲಗೋಪಾಲನಾಗಬೇಕು, ಪೀಠಿಕೆಯ ಸ್ತ್ರೀವೇಷ ಕಟ್ಟಬೇಕು, ಅನಂತರ ಒಡ್ಡೋಲಗ, ಪುರುಷವೇಷ, ಹಲವು ತಿರುಗಾಟ ಕಳೆದು, ಯೋಗ್ಯತೆಯಿದ್ದರೆ, ಎರಡನೆಯ ವೇಷ. (ಮೇಳಕ್ಕೆ ಮೊದಲನೆಯವರು ಭಾಗವತರಾದುದರಿಂದ ಈ ಎರಡನೆಯದೇ ವೇಷಧಾರಿಗಳಲ್ಲಿ ಹಿರಿದು.) ಬ್ರಹ್ಮಾವರದ ಬದಿಯ ಹಾರಾಡಿ, ಮಟಪಾಡಿ ಎಂಬೆರಡು ಚಿಕ್ಕ ಊರುಗಳ ಹೆಸರು ಎರಡು ನಾಟ್ಯಶೈಲಿಗಳ ಹೆಸರಾಗಿ ನಿಂತದ್ದು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ ಹಾರಾಡಿ ರಾಮ ಗಾಣಿಗರು, ಮಟಪಾಡಿಯ ವೀರಭದ್ರ ನಾಯಕರು ಮೊದಲಾದವರ ದೆಸೆಯಿಂದ. ಮೆಟ್ಟಿಲಿಗಿಂತಲೂ ಮುಖ್ಯವಾದ ಮಾತು ಇನ್ನೊಂದಿದೆ. ಇಂದು ಕರ್ಣನಾದವನು ನಾಳೆ ಅರ್ಜುನನಾಗಬೇಕು. ಇಂದು ಕೌರವನ ಪಕ್ಷ ಹಿಡಿದು ವಾದಿಸಿದ ಬಾಯಿಯೇ ನಾಳೆ ಕೃಷ್ಣನ ಪಕ್ಷ ಹಿಡಿಯಬೇಕು. ಕೊಂದವನ ಮಾತನ್ನೂ ಕೊಲ್ಲಿಸಿಕೊಂಡವನ ಮಾತನ್ನೂ ತನ್ನ ಹೊಟ್ಟೆಯೊಳಗಿಂದಲೇ ತೆಗೆದು ಆಡಬಲ್ಲವನನ್ನು ನಮ್ಮ ಜನ ನಟನೆಂದರು. ಅಪರಾಧದ ಕತೆಯನ್ನು ಆಡುವ ನಟರಿಗೆ ಇದಕ್ಕಿಂತ ತಕ್ಕ ಪರೀಕ್ಷೆ ನನಗೆ ತೋರದು. ಆರೋಪಿಯನ್ನು ಕೂರಿಸಿ ಪ್ರಶ್ನಿಸುವ ಮೇಜಿಗೆ ಎರಡು ಬದಿಗಳಿವೆ. ಈತ ಎರಡೂ ಬದಿಯಲ್ಲಿ ಕುಳಿತು ಬಲ್ಲನೇ?

‘ಸಿ.ಐ.ಡಿ.’ಯ ಹಿರಿಯ ಅಧಿಕಾರಿ ಪ್ರದ್ಯುಮ್ನನಾದ ಶಿವಾಜಿ ಸಾಟಂ ಅವರನ್ನು ಮೊದಲು ನೋಡೋಣ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದು ಮರಾಠಿ ರಂಗಭೂಮಿಯಿಂದ ಬಂದವರು. ‘ಸಿ.ಐ.ಡಿ.’ಯನ್ನು ಕಟ್ಟಿದ ಬಿ. ಪಿ. ಸಿಂಗ್ ಅವರ ಕೈಯಲ್ಲಿ ಅದಕ್ಕೆ ಮುಂಚೆಯೇ ‘ಏಕ್ ಶೂನ್ಯ ಶೂನ್ಯ’ ಎಂಬ ಮರಾಠಿ ಪೋಲೀಸ್ ಧಾರಾವಾಹಿಯಲ್ಲಿ ಪಳಗಿದವರು. ೧೯೯೯ರ ‘ವಾಸ್ತವ್’ ಚಿತ್ರದಲ್ಲಿ ಅವರು ಕೊಲೆಗಾರನಾಗಿ ಬಿಟ್ಟ ಮಗನ ಎದುರು ದಿನದಿನಕ್ಕೆ ಕುಗ್ಗುವ ತಂದೆಯಾದರು. ಅಲ್ಲಿ ಅವರ ಮೌನಕ್ಕೆ ಇರುವ ತೂಕ, ಧಾರಾವಾಹಿಯಲ್ಲಿ ಬೆರಳು ತಿರುಗಿಸುತ್ತ “ಎಲ್ಲೋ ಏನೋ ಎಡವಟ್ಟಿದೆ” ಎನ್ನುವ ಅವರ ಮಾತಿಗೆ ಇಲ್ಲ. ಆದರೂ ಆ ಬೆರಳಿನಿಂದಲೇ ದೇಶಕ್ಕೆಲ್ಲ ಅವರ ಗುರುತು. ೨೦೨೫ರ ಏಪ್ರಿಲಿನಲ್ಲಿ ಕತೆಯೊಳಗೆ ಪ್ರದ್ಯುಮ್ನನನ್ನು ಕೊಲ್ಲಿಸಿದಾಗ ಜನ ನಿಜವಾದ ಸಾವಿನ ಸುದ್ದಿ ಬಂದವರಂತೆ ಗದ್ದಲವೆಬ್ಬಿಸಿದರು. ಕೆಲವು ವಾರಗಳಲ್ಲಿ ಸತ್ತವನು ಎದ್ದು ಬಂದ. ನಮ್ಮ ಆಟದಲ್ಲಿಯೂ ರಾತ್ರಿ ಸತ್ತ ಕೀಚಕ ಮರುದಿನ ಇನ್ನೊಂದೂರಿನಲ್ಲಿ ಎದ್ದು ಬರುತ್ತಾನಷ್ಟೆ. ಆದರೆ ಅದೇ ರಾತ್ರಿಯ ಅದೇ ಪ್ರಸಂಗದಲ್ಲಿ ಏಳುವುದಿಲ್ಲ.

ಹಾಸ್ಯದ ಫ್ರೆಡ್ರಿಕ್ಸ್ ಆಗಿದ್ದ ದಿನೇಶ್ ಫಡ್ನಿಸ್ ೨೦೨೩ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ನೆನೆದಾಗಲೆಲ್ಲ ನನಗೆ ಬ್ರಹ್ಮಾವರದ ಕಡೆಯ ಕುಂಜಾಲು ರಾಮಕೃಷ್ಣ ಹಾಸ್ಯಗಾರರ ನೆನಪು ಬರುತ್ತದೆ. ಮೇಳದ ಹಾಸ್ಯಗಾರ ಒಂದೇ ರಾತ್ರಿ ದೂತ, ಬ್ರಾಹ್ಮಣ, ಬಾಗಿಲು ಕಾಯುವವ, ಮುದುಕ ಎಲ್ಲವೂ ಆಗುತ್ತಾನೆ. ಒಂದೊಂದಕ್ಕೂ ಬೇರೆ ನಡಿಗೆ, ಬೇರೆ ಗಂಟಲು. ಫಡ್ನಿಸರಿಗೆ ಅಷ್ಟೂ ವರುಷ ಒಬ್ಬ ಫ್ರೆಡ್ರಿಕ್ಸ್ ಮಾತ್ರ. ಹೆದರುವುದು, ಹೆಂಡತಿಯ ಮಾತೆತ್ತುವುದು, ಬೈಸಿಕೊಳ್ಳುವುದು. ಇಷ್ಟರೊಳಗೆ ಅವರು ಬೇಸರ ಹುಟ್ಟಿಸದೆ ಇದ್ದದ್ದೇ ಸಣ್ಣ ಸಾಧನೆಯಲ್ಲ.

ಈಗ ಆದಿತ್ಯ ಶ್ರೀವಾಸ್ತವರ ಮಾತು. ನಾನು ಹೇಳಹೊರಟ ವಿಷಯದ ಗಂಟು ಇಲ್ಲಿದೆ. ಅಲಹಾಬಾದಿನಿಂದ ಬಂದ ಈ ನಟ ಧಾರಾವಾಹಿಯಲ್ಲಿ ದಯಾನ ಜೊತೆಗಾರ ಅಭಿಜೀತ್. ಅದಕ್ಕೆ ಮುಂಚೆ ೧೯೯೪ರ ‘ಬ್ಯಾಂಡಿಟ್ ಕ್ವೀನ್’ನಲ್ಲಿ ಫೂಲನಳನ್ನು ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಹಿಂಸಿಸುವ ಗಂಡನಾಗಿದ್ದರು, ೧೯೯೮ರ ‘ಸತ್ಯಾ’ದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ‘ಸಿ.ಐ.ಡಿ.’ ನಡೆಯುತ್ತಿದ್ದ ಕಾಲದಲ್ಲಿಯೇ ಅನುರಾಗ್ ಕಶ್ಯಪರ ‘ಬ್ಲ್ಯಾಕ್ ಫ್ರೈಡೇ’ಯಲ್ಲಿ ಬಾದಶಾ ಖಾನನ ಪಾತ್ರ ವಹಿಸಿದರು. ೧೯೯೩ರ ಮುಂಬಯಿ ಸ್ಫೋಟಗಳ ಮೇಲಣ ಆ ಚಿತ್ರ ೨೦೦೪ರಲ್ಲೇ ಸಿದ್ಧವಾಗಿದ್ದರೂ, ಮೊಕದ್ದಮೆಯ ತೀರ್ಪು ಬರುವ ತನಕ ನ್ಯಾಯಾಲಯ ತಡೆದುದರಿಂದ, ಜನರಿಗೆ ಕಂಡದ್ದು ೨೦೦೭ರ ಫೆಬ್ರುವರಿಯಲ್ಲಿ. ಬಾಂಬಿಟ್ಟವರ ಗುಂಪಿಗೆ ಸೇರಿದ ಬಾದಶಾ ಖಾನ್ ಊರಿಂದೂರಿಗೆ ಓಡುತ್ತಾನೆ. ಕಳುಹಿಸಿದವರು ಕೈಬಿಟ್ಟಿದ್ದಾರೆ. ಕೈಯಲ್ಲಿ ಕಾಸಿಲ್ಲ, ತಲೆಯ ಮೇಲೊಂದು ಸೂರಿಲ್ಲ. ಓಡಿ ಓಡಿ ಕಡೆಗೆ ಹಿಡಿಯಲ್ಪಟ್ಟು, ಪೋಲೀಸ್ ಅಧಿಕಾರಿಯ ಮುಂದೆ ಕೂರುತ್ತಾನೆ. ಆ ದೃಶ್ಯದಲ್ಲಿ ಶ್ರೀವಾಸ್ತವರ ಮುಖ ಮೊದಲು ಧರ್ಮದ ಹೆಸರಿನ ಜಂಬದಿಂದ ಬಿಗಿದಿರುತ್ತದೆ. ಅಧಿಕಾರಿ ಮಾತಾಡುತ್ತ ಹೋದಂತೆ ಬಿಗಿ ಒಂದು ಕಡೆ ಸಡಿಲುತ್ತದೆ, ಇನ್ನೊಂದು ಕಡೆ ಮತ್ತೆ ಬಿಗಿಯುತ್ತದೆ. ತಾನು ಮೋಸಹೋದೆನೆಂದು ಅರಿತವನು ಆ ಅರಿವನ್ನು ಒಪ್ಪಿಕೊಳ್ಳಲು ಪಡುವ ಪಾಡು ಅದು. ಆತನ ಮೇಲೆ ನಮಗೆ ಕನಿಕರ ಬರುವುದಿಲ್ಲ, ಬರಬಾರದು ಕೂಡ. ಆದರೆ ಆತ ಮನುಷ್ಯನಲ್ಲವೆಂದು ಕಣ್ಣು ತಿರುಗಿಸಲೂ ಆಗುವುದಿಲ್ಲ.

ಇದೇ ನಟ ವಾರವಾರವೂ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ನಿಂತು, ಆರೋಪಿಯ ಕಡೆಗೆ ಬಾಗಿ, ಕಣ್ಣು ಕಿರಿದು ಮಾಡಿ ಪ್ರಶ್ನೆ ಕೇಳುತ್ತಿದ್ದವರು. ಬಾದಶಾ ಖಾನನನ್ನು ಕಂಡ ಮೇಲೆ ನಾನು ಅಭಿಜೀತನನ್ನು ಬೇರೆಯಾಗಿ ನೋಡಿದೆ. ಉಳಿದವರು ಆರೋಪಿಯ ಮೇಲೆ ಗುಡುಗುವಾಗ ಈತ ಕೇಳುವುದಕ್ಕಿಂತ ಹೆಚ್ಚಾಗಿ ಆಲಿಸುತ್ತಾನೆ. ಎದುರು ಕುಳಿತವನ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಬಲ್ಲ ಕಿವಿ ಅದು. ಎರಡೂ ಬದಿಯಲ್ಲಿ ಕುಳಿತವನಿಗೆ ಮಾತ್ರ ಬರುವ ಗುಣ. ಮುಂದೆ ‘ಸೂಪರ್ ೩೦’ರ ಟ್ಯೂಶನ್ ವ್ಯಾಪಾರಿಯಾಗಿಯೂ, ೨೦೨೪ರ ‘ಭಕ್ಷಕ್’ನ ಅನಾಥಾಲಯ ನಡೆಸುವ ನೀಚನಾಗಿಯೂ ಶ್ರೀವಾಸ್ತವರು ಬಂದರು. ಒಂದು ಧಾರಾವಾಹಿಯ ಸಂಬಳ ಅವರನ್ನು ಕಟ್ಟಿಹಾಕಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ದಯಾನಂದ ಶೆಟ್ಟಿಯವರ ವಿಷಯಕ್ಕೆ ಬಂದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ. ಮಹಾರಾಷ್ಟ್ರದಲ್ಲಿ ಗುಂಡೆಸೆತ, ಚಕ್ರ ಎಸೆತಗಳಲ್ಲಿ ಗೆದ್ದ ಆಟಗಾರ ಅವರು. ಕಾಲಿಗೆ ಪೆಟ್ಟಾಗಿ ಆ ದಾರಿ ಮುಚ್ಚಿದ ಮೇಲೆ ನಾಟಕಕ್ಕೆ ಬಂದರು. ತುಳು ನಾಟಕದ ಅಭಿನಯಕ್ಕೆ ಬಹುಮಾನವನ್ನೂ ಪಡೆದರು. ಎಂದರೆ ಮೈಯೂ ಇತ್ತು, ಬಾಯಿಯೂ ಇತ್ತು. ಮುಂಬಯಿಗೆ ಬೇಕಾದದ್ದು ಮೈ ಮಾತ್ರ.

ಇದು ಅವರೊಬ್ಬರ ಕತೆಯಲ್ಲ. ಅವರಿಗಿಂತ ಒಂದು ತಲೆಮಾರು ಮುಂಚೆ ನಮ್ಮ ಕರಾವಳಿಯಿಂದಲೇ ಹೋದ ಎಂ. ಬಿ. ಶೆಟ್ಟಿ, ಹೋಟೆಲಿನ ಕೆಲಸದಿಂದ ಬಾಕ್ಸಿಂಗಿಗೂ ಬಾಕ್ಸಿಂಗಿನಿಂದ ಚಲಚ್ಚಿತ್ರದ ಹೊಡೆದಾಟಗಳಿಗೂ ನಡೆದು, ಬೋಳುತಲೆಯ ಗೂಂಡನಾಗಿ ಹಿಂದಿ ಚಿತ್ರಗಳಲ್ಲಿ ಹೆಸರಾದರು. ೧೯೮೨ರಲ್ಲಿ ಅವರು ತೀರಿಹೋಗುವ ತನಕ ಆ ತಲೆಗೂ ಭುಜಕ್ಕೂ ಇದ್ದ ಬೇಡಿಕೆ ನಾಲಗೆಗೆ ಬರಲಿಲ್ಲ. ತಂದೆ ಗೂಂಡನ ಪಕ್ಷದಲ್ಲಿ ನಿಂತು ಪೆಟ್ಟು ತಿಂದರು. ಮಗ ರೋಹಿತ್ ಶೆಟ್ಟಿ ನಿರ್ದೇಶಕರಾಗಿ ಪೋಲೀಸರ ಪಕ್ಷದಿಂದ ಪೆಟ್ಟು ಹಾಕಿಸುವ ಚಿತ್ರಗಳನ್ನು ತೆಗೆದರು. ಆ ಮಗನ ೨೦೧೪ರ ‘ಸಿಂಘಂ ರಿಟರ್ನ್ಸ್’ನಲ್ಲಿ ದಯಾನಂದರಿಗೆ ಸಿಕ್ಕಿದ್ದು ಯಾವ ಪಾತ್ರ? ದಯಾ ಎಂಬ ಹೆಸರಿನ ಪೋಲೀಸ್; ಬಾಗಿಲು ಒಡೆಯುವುದೇ ಅವನ ವೈಶಿಷ್ಟ್ಯ. ಟೀವಿಯ ತಮಾಷೆಯನ್ನು ದೊಡ್ಡ ತೆರೆಗೆ ಎತ್ತಿ ಇಟ್ಟದ್ದು, ಅಷ್ಟೆ. ೨೦೨೪ರ ‘ಸಿಂಘಂ ಅಗೇನ್’ನಲ್ಲಿಯೂ ಅದೇ ದಯಾ ಬಂದ. ಸಭೆ ಚಪ್ಪಾಳೆ ತಟ್ಟಿತು. ನಟನಿಗೆ ಹಣವೂ ಬಂದಿರಬಹುದು, ಬರಲಿ. ಆದರೆ ಮೇಳದಲ್ಲಿ ಒಬ್ಬ ಪುರುಷವೇಷದವನಿಗೆ ಪ್ರತಿ ಆಟದಲ್ಲಿಯೂ ಬರಿಯ ಪ್ರವೇಶ ಕೊಟ್ಟು, ಮಾತು ಕೊಡದೆ ಚೌಕಿಗೆ ಕಳುಹಿಸಿದರೆ ಆತ ಎಷ್ಟು ತಿರುಗಾಟ ಉಳಿದಾನು?

ಬಾಗಿಲಿಗಿಂತ ನನಗೆ ಹೆಚ್ಚು ತೊಡಕಾಗಿ ಕಾಣುವುದು ಕೆನ್ನೆಯೇಟು. ಎಷ್ಟೋ ಕಂತುಗಳಲ್ಲಿ ಸುಳ್ಳು ಹೇಳುತ್ತ ಬಂದ ಆರೋಪಿ, ದಯಾನ ಒಂದೇ ಏಟಿಗೆ ಗಿಳಿಯಂತೆ ಕೊಲೆಯ ಕತೆಯನ್ನೆಲ್ಲ ಒದರುತ್ತಾನೆ. ಅನಂತರ ಪ್ರದ್ಯುಮ್ನ ಆತನಿಗೆ ನೇಣಾಗುವುದೆಂದು ಅಲ್ಲೇ ಸಾರುತ್ತಾನೆ; ನ್ಯಾಯಾಧೀಶರಿಗೆ ಕೆಲಸವೇ ಉಳಿಯುವುದಿಲ್ಲ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಹಿಡಿಯಕೂಡದೆಂದು ೧೮೭೨ರ ಸಾಕ್ಷ್ಯ ಕಾನೂನಿನ ೨೫ನೆಯ ಕಲಮು ಹೇಳಿತ್ತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮಿನಲ್ಲಿಯೂ ಆ ಮಾತು ಉಳಿದಿದೆ. ಏಟಿನಿಂದ ಬಂದ ಮಾತು ಸತ್ಯವೋ ನೋವೋ ಎಂದು ತಿಳಿಯದು ಎಂಬುದೇ ಅದರ ಹಿಂದಿರುವ ವಿವೇಕ. (ಬಾದಶಾ ಖಾನನ ಮೊಕದ್ದಮೆ ನಡೆದ ಟಾಡಾ ಕಾನೂನು ಈ ವಿವೇಕವನ್ನು ಬದಿಗಿಟ್ಟಿತ್ತು, ‘ಬ್ಲ್ಯಾಕ್ ಫ್ರೈಡೇ’ ಠಾಣೆಯೊಳಗಿನ ಹಿಂಸೆಯನ್ನು ಮುಚ್ಚದೆ ತೋರಿಸಿ, ಅದರ ಬೆಲೆಯನ್ನು ನೋಡುವವರ ಲೆಕ್ಕಕ್ಕೆ ಬಿಟ್ಟಿತು.) ನಮ್ಮ ಮಕ್ಕಳು ಇಪ್ಪತ್ತು ವರುಷ ನೋಡಿದ್ದು ಏಟು ಮತ್ತು ಸತ್ಯಗಳ ನಡುವೆ ಯಾವ ಅಂತರವೂ ಇಲ್ಲದ ಲೋಕವನ್ನು. ಆ ಲೋಕದ ಕೈ ಒಬ್ಬ ಒಳ್ಳೆಯ ನಟನ ಕೈಯಾಗಿತ್ತು ಎಂಬುದು ನನ್ನ ವ್ಯಥೆ.

ಒಳ್ಳೆಯ ನಟ ಎಂದೆನಲ್ಲ, ಸುಮ್ಮನೆ ಆಡಿದ ಮಾತಲ್ಲ. ಏಟು ಹಾಕದ, ಬಾಗಿಲು ಒಡೆಯದ ಗಳಿಗೆಗಳಲ್ಲಿ ಅವರನ್ನು ನೋಡಬೇಕು. ಎಲ್ಲರೂ ಹೆಣದ ಸುತ್ತ ಮಾತಾಡುತ್ತಿರುವಾಗ ಅವರು ಹಿಂದೆ ನಿಂತಿರುತ್ತಾರೆ. ಇಷ್ಟು ದೊಡ್ಡ ಮೈಯನ್ನು ಇಷ್ಟು ಸದ್ದಿಲ್ಲದೆ ನಿಲ್ಲಿಸುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ಗುಂಡೆಸೆಯುವವನು ಎಸೆಯುವುದಕ್ಕೆ ಮುಂಚೆ ವೃತ್ತದಲ್ಲಿ ನಿಲ್ಲುವ ನಿಲುವು ಅದು. ಅಭಿಜೀತನಿಗೆ ಅಪಾಯ ಬಂದ ಕಂತುಗಳಲ್ಲಿ ಅವರ ದನಿ ಏರುವ ಬದಲು ಇಳಿಯುತ್ತದೆ. ಇದನ್ನು ಕಂಡು ಬಳಸಿಕೊಂಡ ನಿರ್ದೇಶಕರೊಬ್ಬರಿದ್ದರು, ಶ್ರೀರಾಮ್ ರಾಘವನ್. ೨೦೦೭ರ ಅವರ ‘ಜಾನಿ ಗದ್ದಾರ್’ನಲ್ಲಿ ಐವರು ಪಾಲುಗಾರರ ಕೂಟದಲ್ಲಿ ಒಬ್ಬ, ಶಿವ, ದಯಾನಂದ ಶೆಟ್ಟಿ. ಹಣದ ಚೀಲ ಹೊತ್ತು ರೈಲಿನಲ್ಲಿ ಹೊರಟ ಈ ಬಲಭೀಮ ಎಲ್ಲರಿಗಿಂತ ಮೊದಲು ಸಾಯುತ್ತಾನೆ, ಅದೂ ತನ್ನವನೇ ಒಬ್ಬನ ಕೈಯಿಂದ. ಐವರಲ್ಲಿ ಹೆಚ್ಚು ಗಟ್ಟಿಯಾದವನು ಮೊದಲು ಬೀಳುವುದರಿಂದಲೇ ಕತೆಯ ಉಳಿದ ಭಾಗಕ್ಕೆ ಭಯ ಹುಟ್ಟುತ್ತದೆ. ಮೇಜಿನ ಆಚೆಯ ಬದಿಯಲ್ಲಿ, ಕಳ್ಳರ ಪಂಕ್ತಿಯಲ್ಲಿ, ಅವರಿಗೆ ಅಂತಹ ಇನ್ನೊಂದು ಪಾತ್ರ ಬಂದದ್ದನ್ನು ನಾನು ಕಂಡಿಲ್ಲ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರದ ಕಡೆಯಿಂದ ಬಂದು, ನಮ್ಮ ಬಯಲುಗಳಲ್ಲಿಯೂ ಎಷ್ಟು ವರುಷ ಕೀಚಕ, ಭಸ್ಮಾಸುರರನ್ನೇ ಕುಣಿಯಲಿಲ್ಲ! ೨೦೧೭ರಲ್ಲಿ ತೀರಿಕೊಳ್ಳುವವರೆಗೂ ಜನ ಅವರಿಂದ ಕೇಳಿದ್ದು ಅವುಗಳನ್ನೇ. ಹರಕೆಯ ಮೇಳಗಳಲ್ಲಿ ಕ್ಷೇತ್ರಮಹಾತ್ಮೆಯ ಪ್ರಸಂಗ ಒಂದೇ ತಿರುಗಾಟದಲ್ಲಿ ಎಷ್ಟೋ ಸಲ ಬರುತ್ತದೆ. ಮತ್ತೆ ಮತ್ತೆ ಮಾಡುವುದೇ ದೋಷವಾದರೆ ನಮ್ಮ ರಂಗವೂ ದೋಷಿಯಲ್ಲವೆ? ಆಕ್ಷೇಪ ಬಲವಾದುದೇ. ಆದರೆ ಪದ್ಯ ಒಂದೇ ಆದರೂ ಅರ್ಥ ಅಂದಂದಿನದು, ಬರೆದು ಕೊಟ್ಟದ್ದಲ್ಲ. ಎದುರಿನ ಸೈರಂಧ್ರಿ ಬೇರೆಯಾದರೆ ಕೀಚಕನ ಮಾತು ಬೇರೆಯಾಗುತ್ತದೆ. ಕೀಚಕನಿಗೆ ಆದಿಯಿದೆ, ಕಾಮದ ಏರಿಕೆಯಿದೆ, ನಾಟ್ಯಶಾಲೆಯ ಕತ್ತಲೆಯಲ್ಲಿ ಸಾವಿದೆ. ದಯಾನಿಗೆ ಇವು ಯಾವುವೂ ಇಲ್ಲ. ಮುಂದಿನ ಶನಿವಾರ ಮಾತ್ರ ಇದೆ.

ಈ ನಟರು ನಮ್ಮ ವೇಷಧಾರಿಗಳ ಹಾಗೆ ನಿಂತದ್ದು ಒಂದು ಸಲ ಉಂಟು. ೨೦೦೪ರಲ್ಲಿ ಬಿ. ಪಿ. ಸಿಂಗ್ ೧೧೧ ನಿಮಿಷಗಳ ಒಂದು ಕಂತನ್ನು ಕ್ಯಾಮರಾ ಎಲ್ಲಿಯೂ ನಿಲ್ಲಿಸದೆ, ಒಂದೇ ಏಟಿಗೆ ಚಿತ್ರಿಸಿದರು. ದಾಖಲೆಗಳ ಪುಸ್ತಕಕ್ಕೆ ಹೋದುದರಿಂದ ಜನ ಅದನ್ನು ಸರ್ಕಸ್ಸಿನಂತೆ ನೆನೆಯುತ್ತಾರೆ. ನನಗೆ ಅದು ಬೇರೆ ಕಾರಣಕ್ಕೆ ಮುಖ್ಯ. ತಪ್ಪಿದರೆ ಮತ್ತೆ ಮಾಡುವೆವೆಂಬ ಧೈರ್ಯ ಅಂದು ಯಾರಿಗೂ ಇರಲಿಲ್ಲ. ಒಬ್ಬ ಮಾತು ಮರೆತರೆ ಇನ್ನೊಬ್ಬ ಹಿಡಿದು ಮುಂದರಿಸಬೇಕು. ಕೋಣೆಯಿಂದ ಕೋಣೆಗೆ ಹೋಗುವಾಗಲೂ ಪಾತ್ರದಿಂದ ಇಳಿಯುವಂತಿಲ್ಲ. ನಮ್ಮಲ್ಲಿ ಪ್ರತಿ ರಾತ್ರಿಯೂ ನಡೆಯುವ ವ್ಯವಹಾರ ಅದು. ಸಾಟಂ, ಶ್ರೀವಾಸ್ತವ, ಶೆಟ್ಟಿ ಮೂವರೂ ಅಂದು ಎಂದಿಗಿಂತ ಚುರುಕಾಗಿದ್ದರು. ರಂಗದಿಂದ ಬಂದವರನ್ನು ರಂಗದ ಕಟ್ಟಿಗೆ ತಂದು ನಿಲ್ಲಿಸಿದಾಗ ಏನಾಗುತ್ತದೆಂದು ಅಂದು ಗೊತ್ತಾಯಿತು. ಉಳಿದ ಸಾವಿರದೈನೂರು ಕಂತುಗಳು ಆ ಪಾಠವನ್ನು ಕಲಿಯಲಿಲ್ಲ.

ನಮ್ಮ ಮೂರು ತಾಲೂಕುಗಳಲ್ಲಿಯೇ ಹುಟ್ಟಿದವರು ಅಪರಾಧದ ಕತೆಯಿಂದ ದೂರವೇನೂ ಇಲ್ಲ. ಕೋಟೇಶ್ವರದ ಕಾಶೀನಾಥರು ೧೯೭೮ರಲ್ಲಿ ‘ಅಪರಿಚಿತ’ವನ್ನು ತೆಗೆದಾಗ ಅದರಲ್ಲಿ ಸುರೇಶ ಹೆಬ್ಳೀಕರ್, ಶೋಭಾ ಇದ್ದರು. ಚಿತ್ರ ಎರಡು ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತದೆ, ನಟರು ಬಿಡುಗಡೆಯಾಗುತ್ತಾರೆ. ಮರುವರುಷ ಶೋಭಾ ತಮಿಳಿನ ‘ಪಸಿ’ಯಲ್ಲಿ ಕೊಳಚೆಕೇರಿಯ ಹುಡುಗಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರು, ಹೆಬ್ಳೀಕರರು ತಾವೇ ನಿರ್ದೇಶಕರಾದರು. ಕುಂದಾಪುರ ತಾಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ಹುಡುಗನಾಗಿದ್ದಾಗ ಯಕ್ಷಗಾನ ಕಟ್ಟಿದವರು. ೨೦೧೯ರ ‘ಬೆಲ್ ಬಾಟಂ’ನಲ್ಲಿ ಪತ್ತೇದಾರನ ಹುಚ್ಚು ಹಿಡಿದ ಪೋಲೀಸ್ ದಿವಾಕರನಾದರು. ಎರಡು ವರುಷ ಕಳೆದು ‘ಗರುಡ ಗಮನ ವೃಷಭ ವಾಹನ’ದಲ್ಲಿ ಪಾತಕಿ ಹರಿ, ೨೦೨೨ರ ‘ಕಾಂತಾರ’ದಲ್ಲಿ ಕಾನೂನು ಬೆನ್ನಟ್ಟುವ ಶಿವ. ನಾಲ್ಕೇ ವರುಷಗಳಲ್ಲಿ ಮೇಜಿನ ಎರಡೂ ಬದಿ. ಮೂರರಲ್ಲಿ ಮೊದಲನೆಯದು ನನಗೆ ಹಗುರವೆನಿಸಿತು, ಅದು ಬೇರೆ ಮಾತು. ಅವರಿಗೆ ಆಯ್ಕೆಯಿತ್ತು, ಕತೆಯನ್ನು ತಾವೇ ಬರೆಯುವ ತ್ರಾಣವೂ ಇತ್ತು. ಧಾರಾವಾಹಿಗೆ ಕಾಲ್‌ಷೀಟು ಬರೆದುಕೊಟ್ಟವನಿಗೆ ಅವೆರಡೂ ಇರುವುದಿಲ್ಲ.

ಆದುದರಿಂದ ನನ್ನ ಆಸೆ ಮುಂಬಯಿಯ ಮೇಲಿಲ್ಲ. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಇಂದು ಅಪರಾಧದ ಕತೆ ಬರೆಯುತ್ತಿರುವ ನಮ್ಮ ಹುಡುಗರು ದಯಾನಂದ ಶೆಟ್ಟಿಯವರನ್ನು ಒಮ್ಮೆ ನೆನೆಯಲಿ. ಪೋಲೀಸನಾಗಿ ಬೇಡ, ಬಾಗಿಲೂ ಬೇಡ. ನಿವೃತ್ತನಾಗಿ ಊರಿಗೆ ಬಂದ ಒಬ್ಬ ಅಧಿಕಾರಿ, ತಾನು ಒಂದು ಕಾಲದಲ್ಲಿ ಹೊಡೆದು ಬಾಯಿ ಬಿಡಿಸಿದವನು ನಿರಪರಾಧಿಯೆಂದು ತಿಳಿದು, ಆತನ ಮನೆಯ ಜಗಲಿಯಲ್ಲಿ ಕುಳಿತು ಮಾತು ಹುಡುಕುತ್ತಿರುವಂತಹ ಒಂದು ಪಾತ್ರ ಸಾಕು. ೧೯೬೯ರಲ್ಲಿ ಹುಟ್ಟಿದ ಅವರಿಗೆ ಈಗ ಐವತ್ತೈದು ದಾಟಿದೆ. ಮೇಳದ ಲೆಕ್ಕದಲ್ಲಿ ಅದು ಎರಡನೆಯ ವೇಷ ಕಟ್ಟುವ ವಯಸ್ಸು.